ಮಡಕೆ ಕಲಿಸುವವರಿಗೂ ಪಾಠ ಬೇಕು



ನಮ್ಮ ವೃತ್ತದ ಒಂದು ಹಳ್ಳಿಯಲ್ಲಿ ಮಹಿಳಾ ಮಂಡಳಿಯವರು ಕುಂಬಾರಿಕೆಯ ತರಗತಿ ನಡೆಸಿದರು. ಕಲಿಸಲು ಬಂದ ಅಜ್ಜನವರು ಐವತ್ತು ವರ್ಷ ತಿಗರಿ ತಿರುಗಿಸಿದವರು. ಅವರ ಕೈಯಲ್ಲಿ ಮಣ್ಣಿನ ಮುದ್ದೆ ನೋಡನೋಡುತ್ತ ಮಡಕೆಯಾಗುತ್ತಿತ್ತು. ಕಲಿಯುವವರ ಕೈಯಲ್ಲಿ ವಾಲಿ ಕುಸಿಯುತ್ತಿತ್ತು. "ಎಲ್ಲಿ ತಪ್ಪಿತು ಅಜ್ಜಾ?" ಎಂದರೆ "ಕೈಗೇ ತಿಳೀತದೆ ತಾಯಿ, ಮಾಡ್ತಾ ಮಾಡ್ತಾ ಬರ್ತದೆ" ಎನ್ನುವರು. ಹದಿನಾಲ್ಕು ಮಂದಿ ಇದ್ದ ತರಗತಿ ತಿಂಗಳೊಳಗೆ ಐದಕ್ಕೆ ಇಳಿಯಿತು.

ಉಳಿದುದನ್ನು ನಾನು ಕೆಡಿಸಿದೆ. ಮೇಲಿನವರು ನೋಡಲು ಬರುತ್ತಾರೆಂದು ಆವಿಗೆಗೆ ಬೇಗ ಬೆಂಕಿ ಹಾಕಿಸಿದೆನು. "ಇನ್ನೆರಡು ದಿನ ಒಣಗಲಿ" ಎಂದ ಅಜ್ಜನ ಮಾತನ್ನು ಕೇಳಲಿಲ್ಲ. ಅರ್ಧಕ್ಕರ್ಧ ಒಡೆದವು.

ಕಾರಣವನ್ನು ಆಮೇಲೆ ತಿಳಿದುಕೊಂಡೆ. ಪಾತ್ರೆಯ ಒಳಗೆ ಉಳಿದ ನೀರು 100 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಮಡಕೆಯನ್ನು ಸಿಡಿಸುತ್ತದೆ. ಒಣಗಿದ್ದನ್ನು ಕೆನ್ನೆಗೆ ತಾಗಿಸಿ ನೋಡಬೇಕು. ತಣ್ಣಗಿದ್ದರೆ ತೇವ ಇನ್ನೂ ಇದೆ ಎಂದರ್ಥ. ಸುಮಾರು 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಮರಳಿನ ಕಣ ಫಕ್ಕನೆ ಹಿಗ್ಗುತ್ತದೆ, ಆರುವಾಗ ಅಲ್ಲಿಯೇ ಕುಗ್ಗುತ್ತದೆ. ಆದುದರಿಂದ ಬೆಂಕಿ ಏರಿಸುವುದೂ ನಿಧಾನ, ಆವಿಗೆ ತೆರೆಯುವುದೂ ನಿಧಾನ. ಅಜ್ಜನ ಕೈಗೆ ಇದೆಲ್ಲ ಗೊತ್ತು, ಬಾಯಿಗೆ ಬಂದಿರಲಿಲ್ಲ ಅಷ್ಟೆ.

ಕಲಿಸುವವರ ತರಬೇತು ಎಂದರೆ ಕೈಯ ವಿದ್ಯೆಯನ್ನು ಬಾಯಿಗೆ ತರುವುದು. ಮೊದಲು ಮುದ್ದೆಯನ್ನು ತಿಗರಿಯ ನಟ್ಟನಡುವೆ ನಿಲ್ಲಿಸುವುದೊಂದನ್ನೇ ಎರಡು ಮೂರು ದಿನ ಮಾಡಿಸಬೇಕು. ಮೊಣಕೈ ತೊಡೆಗೆ ಊರಿದೆಯೇ ಎಂದು ನೋಡಬೇಕು. ಕಲಿಯುವವರ ಮಡಕೆ ವಾಲಿದಾಗ ಕಸಿದುಕೊಂಡು ತಾನೇ ಸರಿಮಾಡಬಾರದು. ಇದು ಹಳೆಯ ಕಸುಬುದಾರರಿಗೆ ಬಲು ಕಷ್ಟ! ಹಸಿ ಮಣ್ಣಿನ ಬಿಲ್ಲೆಯ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದು, ಒಣಗಿದ ಮೇಲೆ ಅಳೆಯಿಸಬೇಕು. 9.2 ಆದರೆ ನೂರಕ್ಕೆ 8 ಕುಗ್ಗಿತು. ಬಹಳ ಕುಗ್ಗುವ ಮಣ್ಣು ಬಿರುಕುಬಿಡುತ್ತದೆ. ನುಣ್ಣನೆ ಮರಳು ಬೆರೆಸಬೇಕು. ತರಗತಿಯ ನೆಲವನ್ನು ಒಣ ಪೊರಕೆಯಿಂದ ಗುಡಿಸಕೂಡದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಮಣ್ಣಿನ ಧೂಳು ವರ್ಷಗಟ್ಟಲೆ ಒಳಹೋದರೆ ಶ್ವಾಸಕೋಶ ಕೆಡುತ್ತದೆ.

ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತು ಸಂಸ್ಥೆ ಇದೆ. 2023ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದೆ. ಆದರೆ ಆ ಯೋಜನೆಯ ತರಬೇತು ಕಸುಬು ಮಾಡುವವರಿಗೆ. ಕಲಿಸುವ ಬಗೆಯನ್ನು ನಾವು ಕೇಳಿ ಪಡೆಯಬೇಕಾಗುತ್ತದೆ.

ಸುಗ್ಗಿಯ ನಂತರ ತರಗತಿ ಮತ್ತೆ ಕೂಡುತ್ತದೆ. ಅಜ್ಜ ಹೇಳಿದ್ದನ್ನು ಈಗ ಶಾಲೆ ಕಲಿತ ಹುಡುಗಿಯೊಬ್ಬಳು ಬರೆದಿಡುತ್ತಿದ್ದಾಳೆ. ಕೆರೆಯ ಹೂಳನ್ನು ಹೊಲಕ್ಕೆ ಸಾಗಿಸುವವರು ಒಂದು ಗಾಡಿ ಅಂಟುಮಣ್ಣನ್ನು ಮಂಡಳಿಯ ಅಂಗಳದಲ್ಲಿ ಇಳಿಸಿರಿ. ಸುಣ್ಣದ ಹರಳು ಇರುವ ಮಣ್ಣು ಮಾತ್ರ ಬೇಡ. ಸುಟ್ಟ ಮೇಲೆ ಅದು ತೇವ ಹೀರಿ ಉಬ್ಬಿ, ಮಡಕೆಯ ಮೈಯಿಂದ ಚಕ್ಕೆ ಏಳಿಸುತ್ತದೆ.