ಲಾಗಿನ್ ಆಯಿತು, ವಿಂಡೊ ಮಾತ್ರ ಬರಲಿಲ್ಲ!

ಬೈಯಪ್ಪನಹಳ್ಳಿಯವರಿಗೆ 2023ರ ಬೇಸಿಗೆ ನೆನಪಿರಬೇಕು. ಎಂ.ಜಿ. ರಸ್ತೆ ಕಡೆಯಿಂದ ಇಲ್ಲಿಯವರೆಗೆ 2011ರಿಂದಲೇ ಮೆಟ್ರೊ ಇತ್ತು. ಕೆ.ಆರ್. ಪುರದಿಂದ ವೈಟ್‌ಫೀಲ್ಡ್ ಕಡೆಗೂ ಆ ಮಾರ್ಚ್‌ನಲ್ಲಿ ರೈಲು ಶುರುವಾಯಿತು. ನಡುವಿನ ಎರಡು ಕಿಲೋಮೀಟರಿನಷ್ಟು ದಾರಿ ಮಾತ್ರ ಇರಲಿಲ್ಲ. ಇಳಿದು ಬಸ್ಸು ಹಿಡಿಯಬೇಕಿತ್ತು. ಅಕ್ಟೋಬರ್ 9ರಂದು ಆ ತುಂಡು ಸೇರಿತು.

ಕಚೇರಿಯ ಅಥವಾ ಲ್ಯಾಬಿನ ಲಿನಕ್ಸ್ ಯಂತ್ರದಲ್ಲಿ ಪ್ರೋಗ್ರಾಂ ಓಡಿಸಿ, ಅದರ ವಿಂಡೊವನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ನೋಡಲು ಹೊರಟವರ ಪಾಡೂ ಇದೇ. ಎರಡೂ ತುದಿ ಸರಿಯಿದ್ದು, ನಡುವೆ ಎಲ್ಲೋ ಕೊಂಡಿ ತಪ್ಪಿರುತ್ತದೆ. 'ಕಾಂಟ್ ಓಪನ್ ಡಿಸ್‌ಪ್ಲೇ' ಎಂಬ ಒಂದೇ ಸಾಲು ಎದುರಿಗೆ ನಿಲ್ಲುತ್ತದೆ. ಸಿ.ವಿ. ರಾಮನ್ ನಗರದ ಸುತ್ತ ಚಿಪ್ ವಿನ್ಯಾಸದ ಕೆಲಸ ಮಾಡುವವರಿಗೆ ಈ ಸಾಲು ಹೊಸದಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೊ ವ್ಯವಸ್ಥೆಯಲ್ಲಿ ಸರ್ವರ್ ಎಂದರೆ ದೂರದ ದೊಡ್ಡ ಯಂತ್ರವಲ್ಲ. ಪರದೆ, ಕೀಬೋರ್ಡು, ಮೌಸ್ ಇರುವ ನಿಮ್ಮ ಲ್ಯಾಪ್‌ಟಾಪೇ ಸರ್ವರ್. ದೂರದ ಪ್ರೋಗ್ರಾಂ ಅದರ ಗಿರಾಕಿ: 'ಇಲ್ಲೊಂದು ಗೆರೆ ಎಳೆದುಕೊಡು' ಎಂದು ಕೇಳುತ್ತದೆ. ಹಾಗಾಗಿ ತಪಾಸಣೆ ನಿಮ್ಮ ಮೇಜಿನಿಂದಲೇ ಆರಂಭವಾಗಲಿ. (ಆದೇಶಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ, ಟೈಪಿಸುವಾಗ ಇಂಗ್ಲಿಷ್ ಅಕ್ಷರ ಬಳಸಿ.)

1. ನಿಮ್ಮ ಪರದೆ ಸಿದ್ಧವಿದೆಯೇ?
ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಎಕ್ಸ್ ಸರ್ವರ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ವೇಲ್ಯಾಂಡ್ ಇದ್ದರೆ ಎಕ್ಸ್‌ವೇಲ್ಯಾಂಡ್ ಆ ಕೆಲಸ ಮಾಡುತ್ತದೆ. ಮ್ಯಾಕ್‌ಗೆ ಎಕ್ಸ್‌ಕ್ವಾರ್ಟ್ಜ್ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಬಳಿಕ ಸ್ವಂತ ಯಂತ್ರದಲ್ಲೇ 'ಎಕ್ಸ್‌ಕ್ಲಾಕ್' ಓಡಿಸಿ. ಪುಟ್ಟ ಗಡಿಯಾರ ಕಂಡರೆ ಈ ತುದಿ ಸರಿ. ಉಬುಂಟುವಿನಲ್ಲಿ ಆ ಪ್ರೋಗ್ರಾಂ 'ಎಕ್ಸ್11-ಆ್ಯಪ್ಸ್' ಪ್ಯಾಕೇಜಿನಲ್ಲಿದೆ.

2. ದಾರಿ ಕೇಳಿದ್ದೀರಾ?
ಬರೀ ಎಸ್‌ಎಸ್‌ಎಚ್ ಕೊಟ್ಟರೆ ಅಕ್ಷರಗಳಷ್ಟೇ ಬರುತ್ತವೆ. ವಿಂಡೊ ಬೇಕಾದರೆ ಜೊತೆಗೆ ಹೈಫನ್ ಮತ್ತು ದೊಡ್ಡ ಎಕ್ಸ್ ಅಕ್ಷರ ಕೊಡಿ. ಒಳಹೊಕ್ಕ ಮೇಲೆ 'ಎಕೊ ಡಾಲರ್ ಡಿಸ್‌ಪ್ಲೇ' ಎಂದು ಕೇಳಿ. ಡಿಸ್‌ಪ್ಲೇ ಪದವನ್ನು ಡಾಲರ್ ಚಿಹ್ನೆಗೆ ಅಂಟಿಸಿ, ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಬೇಕು. 'ಲೋಕಲ್‌ಹೋಸ್ಟ್:10.0'ರಂಥ ಉತ್ತರ ಬರಬೇಕು. ಬೇರೆಯವರೂ ಒಳಗಿದ್ದರೆ 11, 12 ಹೀಗೆ ಸಂಖ್ಯೆ ಏರಬಹುದು.

ಈ ಬೆಲೆಯನ್ನು ಕೈಯಿಂದ ತುಂಬಬೇಡಿ. 'ಎಕ್ಸ್‌ಹೋಸ್ಟ್ ಪ್ಲಸ್' ಎಂಬ ಹಳೆಯ ಉಪಾಯವೂ ಬೇಡ. ಅದು ನಿಮ್ಮ ಪರದೆಯ ಕಾವಲನ್ನೇ ತೆಗೆದುಹಾಕುತ್ತದೆ.

3. ಉತ್ತರ ಖಾಲಿಯೇ?
ತೊಡಕು ಹೆಚ್ಚಾಗಿ ಆಚೆ ತುದಿಯಲ್ಲಿದೆ. ಅಲ್ಲಿನ 'ಎಸ್‌ಎಸ್‌ಎಚ್‌ಡಿ ಕಾನ್ಫಿಗ್' ಕಡತದಲ್ಲಿ 'ಎಕ್ಸ್11 ಫಾರ್ವರ್ಡಿಂಗ್' ಎದುರು 'ಯೆಸ್' ಇರಬೇಕು. 'ಎಕ್ಸ್‌ಆತ್' ಎಂಬ ಸಣ್ಣ ಪ್ರೋಗ್ರಾಂ ಕೂಡ ಇರಬೇಕು. ಪರದೆಯೇ ಇಲ್ಲದ ಯಂತ್ರಗಳಲ್ಲಿ ಅದನ್ನು ಹಾಕಲು ಮರೆಯುವುದುಂಟು. ಐಪಿವಿ6 ನಿಲ್ಲಿಸಿರುವ ಯಂತ್ರವಾದರೆ 'ಅಡ್ರೆಸ್ ಫ್ಯಾಮಿಲಿ'ಯನ್ನು 'ಐನೆಟ್' ಎಂದು ಬದಲಿಸಬೇಕಾದೀತು. ಕಡತ ತಿದ್ದಿದ ಮೇಲೆ ಎಸ್‌ಎಸ್‌ಎಚ್ ಸೇವೆಯನ್ನು ಮರುಚಾಲನೆ ಮಾಡಿ, ಹೊಸದಾಗಿ ಲಾಗಿನ್ ಆಗಿ.

4. ಸಂಖ್ಯೆ ಇದೆ, ಆದರೂ ನಿರಾಕರಣೆಯೇ?
ಪ್ರತಿ ಲಾಗಿನ್‌ಗೂ ಒಂದು ಗುಟ್ಟಿನ ಚೀಟಿ, ಅಂದರೆ ಕುಕಿ, ನಿಮ್ಮ ಹೋಂ ಡೈರೆಕ್ಟರಿಯ 'ಎಕ್ಸ್‌ಅಥಾರಿಟಿ' ಕಡತಕ್ಕೆ ಬೀಳುತ್ತದೆ. ಒಮ್ಮೆ ರಾತ್ರಿ ನಾನು ಎರಡು ಗಂಟೆ ಸೆಟ್ಟಿಂಗ್ ಕೆದಕಿ ಸೋತಿದ್ದೆ. ಕೊನೆಗೆ ನೋಡಿದರೆ ನನ್ನ ಡಿಸ್ಕ್ ಕೋಟಾ ತುಂಬಿತ್ತು. ಚೀಟಿ ಬರೆಯಲೂ ಜಾಗವಿರಲಿಲ್ಲ! ಹಳೆಯ ಲಾಗ್ ಕಡತಗಳನ್ನು ಅಳಿಸಿ ಮತ್ತೆ ಲಾಗಿನ್ ಆದೆ, ಗಡಿಯಾರ ಮೂಡಿತು.

'ಸುಡೊ' ಹಾಕಿ ಬೇರೆ ಬಳಕೆದಾರರಾದರೆ ಚೀಟಿ ಹಿಂಬಾಲಿಸದು. ನಿನ್ನೆಯ ಟಿಮಕ್ಸ್‌ಗೆ ಇಂದು ಮರಳಿದರೆ ಅಲ್ಲಿ ನಿನ್ನೆಯ ಸಂಖ್ಯೆಯೇ ಉಳಿದಿರಬಹುದು.

5. ಇಪ್ಪತ್ತು ನಿಮಿಷದ ಬಳಿಕ ಹೊಸ ವಿಂಡೊ ಬರುತ್ತಿಲ್ಲವೇ?
ದೊಡ್ಡ ಎಕ್ಸ್ ಕೊಡುವ ಎಚ್ಚರಿಕೆಯ ಅನುಮತಿಗೆ ಸಾಮಾನ್ಯವಾಗಿ 20 ನಿಮಿಷದ ಗಡುವಿದೆ. (ಡೆಬಿಯನ್, ಉಬುಂಟುಗಳಲ್ಲಿ ಮೂಲ ಸೆಟ್ಟಿಂಗ್ ಬೇರೆ ಇರುವುದರಿಂದ ಇದು ಕಾಡದು.) ದೊಡ್ಡ ವೈ ಕೊಟ್ಟರೆ ಗಡುವಿಲ್ಲ, ಆದರೆ ಆಚೆಯ ಯಂತ್ರ ನಿಮ್ಮ ಕೀಬೋರ್ಡಿನ ಒತ್ತುಗಳನ್ನೂ ಕದ್ದು ನೋಡಬಲ್ಲದು. ನಂಬಿಕೆಯ ಯಂತ್ರಕ್ಕಷ್ಟೇ ಕೊಡಿ.

6. ವಿಂಡೊ ಬಂತು, ತೆವಳುತ್ತಿದೆಯೇ?
ದೊಡ್ಡ ಸಿ ಸೇರಿಸಿದರೆ ಮಾಹಿತಿ ಕುಗ್ಗಿ ಬರುತ್ತದೆ. ಆದರೆ ಎಕ್ಸ್‌ನಲ್ಲಿ ಸಣ್ಣಸಣ್ಣ ಪ್ರಶ್ನೋತ್ತರಗಳ ಓಡಾಟ ಜಾಸ್ತಿ. ಆ ವಿಳಂಬಕ್ಕೆ ಕುಗ್ಗಿಸುವುದು ಮದ್ದಲ್ಲ. ವಿಎನ್‌ಸಿ ಅಥವಾ ಎಕ್ಸ್‌ಪ್ರಾ ವಾಸಿ. ಅವುಗಳಲ್ಲಿ ನೆಟ್ ಹೋದರೂ ಪ್ರೋಗ್ರಾಂ ಅಲ್ಲೇ ಓಡುತ್ತಿರುತ್ತದೆ.

ಇಷ್ಟಾದರೂ ಬಗೆಹರಿಯದಿದ್ದರೆ ಸಣ್ಣ ವಿ ಸೇರಿಸಿ ಎಸ್‌ಎಸ್‌ಎಚ್ ಓಡಿಸಿ, 'ಎಕ್ಸ್11' ಎಂದಿರುವ ಸಾಲುಗಳನ್ನು ಅಡ್ಮಿನ್‌ಗೆ ಕಳಿಸಿ. 'ಡಿಸ್‌ಪ್ಲೇ ಬರ್ತಿಲ್ಲ' ಎಂದಷ್ಟೇ ಬರೆದರೆ ಅವರು ಮತ್ತೆ ಒಂದರಿಂದ ಕೇಳುತ್ತಾ ಬರಬೇಕು. 'ಮೂರನೇ ಹಂತದಲ್ಲಿ ನಿಂತಿದೆ' ಎಂದು ಬರೆದರೆ, ಅರ್ಧ ಕೆಲಸ ಮುಗಿದಂತೆ.