ಕೇಳಿದ ಅನುಕೂಲ ನಿರಾಕರಿಸಿದರೆ ಅದೂ ತಾರತಮ್ಯವೇ

ಮೈಸೂರು ರಸ್ತೆಯ ಜ್ಞಾನಭಾರತಿ ಮೆಟ್ರೊ ನಿಲ್ದಾಣ 2021ರ ಆಗಸ್ಟ್‌ನಲ್ಲಿ ತೆರೆಯಿತು. ಅಲ್ಲಿಂದ ಒಳಕ್ಕೆ ಬೆಂಗಳೂರು ವಿಶ್ವವಿದ್ಯಾಲಯದ ವಿಶಾಲ ಆವರಣ. ಅದರ ಆಸುಪಾಸಿನಲ್ಲೇ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ, ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ, ದೇಶದ ಕಾಲೇಜುಗಳಿಗೆ ಶ್ರೇಣಿ ಕೊಡುವ ನ್ಯಾಕ್ ಕಚೇರಿ. ಇಷ್ಟು ಸಂಸ್ಥೆಗಳಿರುವ ಕಡೆ ಊರುಗೋಲು ಹಿಡಿದ ವಿದ್ಯಾರ್ಥಿ, ಕಣ್ಣು ಕಾಣದ ಉದ್ಯೋಗಾಕಾಂಕ್ಷಿ, ಕಿವಿ ಕೇಳದ ಮಗುವಿನ ತಾಯಿ ಒಂದಲ್ಲ ಒಂದು ದಿನ ಯಾವುದೋ ಕೌಂಟರಿನ ಮುಂದೆ ನಿಲ್ಲಬೇಕಾಗುತ್ತದೆ. ಅಲ್ಲಿ ಏನನ್ನು ಕೇಳಬಹುದು, ಹೇಗೆ ಕೇಳಬೇಕು, ಆಗುವುದಿಲ್ಲ ಎಂದರೆ ಮುಂದಿನ ದಾರಿ ಯಾವುದು ಎಂಬುದಕ್ಕೆ ಇಂದು ಕಾನೂನಿನಲ್ಲಿ ಉತ್ತರವಿದೆ. ಅದು ಕೌಂಟರಿನ ಎರಡೂ ಬದಿಯವರಿಗೆ ಗೊತ್ತಿರಬೇಕು.

ಈ ಉತ್ತರ ಸುಲಭವಾಗಿ ಬಂದದ್ದಲ್ಲ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಒಂಬತ್ತನೇ ವಿಷಯ ಅಂಗವಿಕಲರಿಗೂ ಉದ್ಯೋಗಕ್ಕೆ ಅನರ್ಹರಾದವರಿಗೂ ಕೊಡುವ ನೆರವು. ಅದರ ಮರುಸಾಲಿನಲ್ಲೇ ಸ್ಮಶಾನಗಳ ವಿಷಯ ಬರುತ್ತದೆ. ಸರ್ಕಾರ ಕೈಯೆತ್ತಿ ಕೊಟ್ಟಷ್ಟು ಪಡೆಯಬೇಕಾದ ನೆರವು ಎಂದೇ ದಶಕಗಳ ಕಾಲ ಈ ವಿಷಯವನ್ನು ನೋಡಲಾಯಿತು. ಅಂಗವಿಕಲರ ಕುರಿತ 1992ರ ಬೀಜಿಂಗ್ ಘೋಷಣೆಯ ಬಳಿಕ ಸಂಸತ್ತು 1995ರಲ್ಲಿ ಮೊದಲ ಕಾಯ್ದೆ ತಂದಿತು. ಅದರಲ್ಲಿ ಏಳು ಬಗೆಯ ವೈಕಲ್ಯಕ್ಕೆ ಮಾನ್ಯತೆ, ಶೇ 3ರ ಮೀಸಲಾತಿ ಇತ್ತು. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಆ ಒಡಂಬಡಿಕೆಗೆ ತಕ್ಕ ಕಾನೂನು ಬರಲು ಮತ್ತೆ ಒಂಬತ್ತು ವರ್ಷ ಹಿಡಿಯಿತು. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಜಾರಿಯಾದದ್ದು 2017ರ ಏಪ್ರಿಲ್ 19ರಂದು. ಕರ್ನಾಟಕ ತನ್ನ ನಿಯಮಗಳನ್ನು ಮಾಡಿಕೊಂಡದ್ದು 2019ರಲ್ಲಿ.

ಹೊಸ ಕಾಯ್ದೆ ಎಂದರೆ ಏಳು ಬಗೆ ಇಪ್ಪತ್ತೊಂದಾಯಿತು ಎಂದು ಎಲ್ಲರೂ ಹೇಳುತ್ತಾರೆ. ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್, ಹಿಮೋಫಿಲಿಯಾ, ಆ್ಯಸಿಡ್ ದಾಳಿಗೆ ಒಳಗಾದವರು, ಇವರೆಲ್ಲ ಪಟ್ಟಿಗೆ ಸೇರಿದ್ದು ದೊಡ್ಡ ಸಂಗತಿಯೇ. ಆದರೂ ಕಾಯ್ದೆಯ ಜೀವ ಇರುವುದು ಸೆಕ್ಷನ್ 2ರ ವ್ಯಾಖ್ಯೆಗಳಲ್ಲಿ ಎಂದು ನನ್ನ ಅನಿಸಿಕೆ. ಒಬ್ಬ ವ್ಯಕ್ತಿ ಉಳಿದವರ ಸಮಕ್ಕೆ ತನ್ನ ಹಕ್ಕು ಬಳಸಲು ಬೇಕಾದ ಸೂಕ್ತ ಮಾರ್ಪಾಡನ್ನು ಕಾಯ್ದೆ ‘ಸಮಂಜಸ ಹೊಂದಾಣಿಕೆ’ ಎನ್ನುತ್ತದೆ. ಆ ಹೊಂದಾಣಿಕೆಯನ್ನು ನಿರಾಕರಿಸುವುದೇ ತಾರತಮ್ಯ ಎಂದು ಅದೇ ಸೆಕ್ಷನ್ ಹೇಳುತ್ತದೆ. ಮೆಟ್ಟಿಲು ಹತ್ತಲಾಗದ ವಿದ್ಯಾರ್ಥಿಯನ್ನು ಯಾರೂ ಬಯ್ಯಬೇಕಿಲ್ಲ, ಹೊರಗೆ ಹಾಕಬೇಕಿಲ್ಲ. ತರಗತಿಯನ್ನು ನೆಲಮಹಡಿಗೆ ತರಲು ಸಾಧ್ಯವಿದ್ದೂ ತರದೆ ಸುಮ್ಮನಿದ್ದರೆ ಸಾಕು, ಕಾನೂನಿನ ಕಣ್ಣಿನಲ್ಲಿ ತಾರತಮ್ಯ ನಡೆದುಹೋಯಿತು. ಸಂಸ್ಥೆಗೆ ಇರುವ ಸಮರ್ಥನೆ ಒಂದೇ: ಕೇಳಿದ್ದು ತನ್ನ ಶಕ್ತಿಗೆ ಮೀರಿದ ಹೊರೆ ಎಂಬುದು. ಅದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಕಾರಣ ಕೊಟ್ಟು ತೋರಿಸಬೇಕು.

2021ರ ಫೆಬ್ರುವರಿ 11ರಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವೈದ್ಯಕೀಯ ಪದವೀಧರರೊಬ್ಬರು ಯುಪಿಎಸ್‌ಸಿ ಪರೀಕ್ಷೆಗೆ ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವ ಸಹಾಯಕ) ಕೇಳಿದ್ದರು. ವೈಕಲ್ಯ ಶೇ 40ರ ಮಟ್ಟ ಮುಟ್ಟುವುದಿಲ್ಲ ಎಂದು ಆಯೋಗ ನಿರಾಕರಿಸಿತ್ತು. ನ್ಯಾಯಾಲಯ ಹೀಗೆ ವಿಂಗಡಿಸಿತು: ಮೀಸಲಾತಿಗೆ ಶೇ 40 ಬೇಕು, ಹೊಂದಾಣಿಕೆಗೆ ಬೇಕಿಲ್ಲ. ಶೇ 25 ಇರಲಿ, ಶೇ 30 ಇರಲಿ, ತೊಂದರೆ ನಿಜವಾಗಿದ್ದರೆ ಅನುಕೂಲ ಕೊಡಲೇಬೇಕು. ಪ್ರಮಾಣಪತ್ರದಲ್ಲಿ ಶೇಕಡಾವಾರು ಕಡಿಮೆ ಬಂದಿತೆಂದು ಮನೆಯವರೆಲ್ಲ ಕೈಚೆಲ್ಲಿ ಕೂರುವುದನ್ನು ನಾವು ಎಲ್ಲೆಡೆ ನೋಡುತ್ತೇವೆ. ಹಾಗೆ ಕೂರಬೇಕಾದ್ದಿಲ್ಲ.

ಪ್ರಮಾಣಪತ್ರದ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಈಗ ಅರ್ಜಿ ಹಾಕಬೇಕಾದದ್ದು ಸ್ವಾವಲಂಬನ್ ಪೋರ್ಟಲ್‌ನಲ್ಲಿ, ಸಿಗುವುದು ಯುಡಿಐಡಿ ಎಂಬ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್. ಆಧಾರ್, ಫೋಟೊ, ವಿಳಾಸದ ದಾಖಲೆ, ಹಳೆಯ ಪ್ರಮಾಣಪತ್ರ ಇದ್ದರೆ ಅದು, ಇಷ್ಟು ಸಾಕು. ನಂತರ ನಿಗದಿಯಾದ ಆಸ್ಪತ್ರೆಯಲ್ಲಿ ತಪಾಸಣೆ. ವೈಕಲ್ಯ ಇಲ್ಲವೆಂದು ಅಲ್ಲಿನ ವೈದ್ಯಕೀಯ ಮಂಡಳಿ ತೀರ್ಮಾನಿಸಿದರೆ ಅದನ್ನು ಬರವಣಿಗೆಯಲ್ಲಿ ತಿಳಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಸೆಕ್ಷನ್ 59ರಡಿ ಮೇಲ್ಮನವಿ ಹಾಕಬಹುದು. ಒಮ್ಮೆ ಪಡೆದ ಪ್ರಮಾಣಪತ್ರ ದೇಶದಾದ್ಯಂತ ನಡೆಯುತ್ತದೆ. ಬೀದರ್‌ನಲ್ಲಿ ಮಾಡಿಸಿದ್ದನ್ನು ಬೆಂಗಳೂರಿನಲ್ಲಿ ಮತ್ತೆ ಮಾಡಿಸಿಕೊಂಡು ಬನ್ನಿ ಎನ್ನುವ ಅಧಿಕಾರ ಯಾವ ಕಚೇರಿಗೂ ಇಲ್ಲ. ಸುಳ್ಳು ದಾಖಲೆ ಕೊಟ್ಟು ಸೌಲಭ್ಯ ಪಡೆದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಉಂಟು.

ಜ್ಞಾನಭಾರತಿಯಂಥ ಜಾಗದಲ್ಲಿ ಹೆಚ್ಚು ಕೇಳಿಬರುವುದು ಓದಿನ ಪ್ರಶ್ನೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲಿಡಬೇಕು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ ಕೊಡಬೇಕು ಎಂದು ಸೆಕ್ಷನ್ 32 ಹೇಳುತ್ತದೆ. ಈ ಮೀಸಲಾತಿಯ ಬಗ್ಗೆ ದೊಡ್ಡ ತೀರ್ಪು ಬಂದದ್ದು ಕಾನೂನು ಕಾಲೇಜುಗಳ ಕಾರಣದಿಂದಲೇ. ಅಂಗವಿಕಲರಿಗೆ ಮೀಸಲಾದ ಸೀಟು ಕಾನೂನು ಕಾಲೇಜುಗಳಲ್ಲಿ ತುಂಬುತ್ತಿಲ್ಲ ಎಂದು ಡಿಸೇಬಲ್ಡ್ ರೈಟ್ಸ್ ಗ್ರೂಪ್ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಾಲಯ ಪ್ರಶ್ನೆಯನ್ನು ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳಿಗೂ ಹಿಗ್ಗಿಸಿತು. 2017ರ ಡಿಸೆಂಬರ್ 15ರ ಆ ತೀರ್ಪಿನಂತೆ, ಯಾವ ಕೋರ್ಸಿಗೆ ಎಷ್ಟು ಅಂಗವಿಕಲ ವಿದ್ಯಾರ್ಥಿಗಳು ಸೇರಿದರು ಎಂಬ ಪಟ್ಟಿಯನ್ನು ಸಂಸ್ಥೆಗಳು ಪ್ರತಿವರ್ಷ ಈ ಕಾಯ್ದೆಯಡಿ ನೇಮಕವಾದ ಅಂಗವಿಕಲರ ಆಯುಕ್ತರಿಗೆ ಕಳಿಸಬೇಕು. ಈ ಪಟ್ಟಿಯನ್ನು ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಕೇಳಬಹುದು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಮೇಲಿರಬೇಕು. ಹಿಂದಿನ ಮೂರು ವರ್ಷದ ಪಟ್ಟಿ ಕೊಡಿ ಎಂದು ಒಂದು ಅರ್ಜಿ ಹೋದರೆ ಸಾಕು, ಎಷ್ಟೋ ಕಡೆ ಕೆಲಸ ಚುರುಕಾಗುತ್ತದೆ.

ಶಾಲೆಯ ಮಟ್ಟದಲ್ಲೂ ಹಕ್ಕಿದೆ. ಶೇ 40 ಅಥವಾ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ, ಅದೂ ಹತ್ತಿರದ ಸಾಮಾನ್ಯ ಶಾಲೆಯೋ ವಿಶೇಷ ಶಾಲೆಯೋ, ಮನೆಯವರು ಬಯಸಿದ ಕಡೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವು ಮೂರೂ ಸೆಕ್ಷನ್ 17ರಲ್ಲೇ ಹೆಸರಿಸಿರುವ ಅನುಕೂಲಗಳು. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಹೇಳಿತು. ವಿಕಾಸ್ ಕುಮಾರ್ ತೀರ್ಪಿನ ನಂತರ, 2022ರ ಆಗಸ್ಟ್‌ನಲ್ಲಿ, ಶೇ 40ಕ್ಕಿಂತ ಕಡಿಮೆ ಇರುವವರಿಗೂ ಪ್ರತ್ಯೇಕ ಮಾರ್ಗಸೂಚಿ ಬಂತು. ಹಾಲ್ ಟಿಕೆಟ್ ಬಂದ ಮೇಲೆ ಓಡಾಡುವುದಕ್ಕಿಂತ, ಪರೀಕ್ಷೆಗೆ ಅರ್ಜಿ ತುಂಬುವಾಗಲೇ ಇದನ್ನು ಬರೆದು ಕೇಳುವುದು ಕ್ಷೇಮ.

ಬರೆದು ಕೇಳುವುದು ಎಂದೆ. ಈ ಇಡೀ ಲೇಖನದಲ್ಲಿ ಓದುಗರು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಲಿ. ಬಾಯಲ್ಲಿ ಕೇಳಿದ ಅನುಕೂಲಕ್ಕೆ ಬಾಯಲ್ಲೇ ‘ನೋಡೋಣ’ ಎಂಬ ಉತ್ತರ ಬರುತ್ತದೆ. ಆಮೇಲೆ ಆಯುಕ್ತರ ಮುಂದೆ ಹೋದಾಗ ನಿರಾಕರಿಸಿದರು ಎನ್ನುವುದಕ್ಕೆ ಪುರಾವೆ ಇರುವುದಿಲ್ಲ. ಅರ್ಜಿ ಉದ್ದವಿರಬೇಕಿಲ್ಲ. ಕುಲಸಚಿವರಿಗೋ ಪ್ರಾಂಶುಪಾಲರಿಗೋ ಇಷ್ಟು ಬರೆದರೆ ನಡೆಯುತ್ತದೆ:

“ಮಾನ್ಯರೆ, ನನಗೆ ಚಲನೆಯ ವೈಕಲ್ಯವಿದ್ದು, ಯುಡಿಐಡಿ ಕಾರ್ಡಿನ ಪ್ರತಿ ಲಗತ್ತಿಸಿದ್ದೇನೆ. ನನ್ನ ತರಗತಿಗಳು ಎರಡನೇ ಮಹಡಿಯಲ್ಲಿ ನಡೆಯುತ್ತಿದ್ದು, ಕಟ್ಟಡದಲ್ಲಿ ಲಿಫ್ಟ್ ಇಲ್ಲ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಸೆಕ್ಷನ್ 3 ಮತ್ತು 16ರಂತೆ ಈ ತರಗತಿಗಳನ್ನು ನೆಲಮಹಡಿಗೆ ಬದಲಾಯಿಸಿಕೊಡಬೇಕೆಂದು ಕೋರುತ್ತೇನೆ. ಸಾಧ್ಯವಿಲ್ಲದಿದ್ದಲ್ಲಿ ಕಾರಣಸಹಿತ ಹಿಂಬರಹ ನೀಡಬೇಕಾಗಿ ವಿನಂತಿ.”

ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಕಾಪಾಡಿ. ಇ–ಮೇಲ್ ಕೂಡ ದಾಖಲೆಯೇ.

ಕಟ್ಟಡಗಳ ವಿಷಯದಲ್ಲಿ ಕಾನೂನು ಮುಂದೆ ಹೋದಷ್ಟು ಇಟ್ಟಿಗೆ–ಸಿಮೆಂಟು ಹೋಗಿಲ್ಲ. ಕೇಂದ್ರದ ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಸಾರ್ವಜನಿಕ ಕಟ್ಟಡಗಳನ್ನೆಲ್ಲ ಅಲ್ಲಿಂದ ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕಿತ್ತು. ಆ ಗಡುವು 2022ಕ್ಕೇ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರೋಗದ ಮೂಲಕ್ಕೇ ಕೈ ಹಾಕಿತು. ಕಾಯ್ದೆ ಕಡ್ಡಾಯ ಎಂದದ್ದನ್ನು ನಿಯಮ 15 ಬರೀ ಸಲಹೆಯ ಮಟ್ಟಕ್ಕೆ ಇಳಿಸಿದೆ, ಆದ್ದರಿಂದ ಅದು ಊರ್ಜಿತವಲ್ಲ ಎಂದು ಹೇಳಿ, ಮೂರು ತಿಂಗಳಲ್ಲಿ ಕಡ್ಡಾಯ ಮಾನದಂಡ ರೂಪಿಸಲು ಕೇಂದ್ರಕ್ಕೆ ಆದೇಶಿಸಿತು. ಮಾನದಂಡ ಕಾಗದದ ಮೇಲೆ ಕಡ್ಡಾಯವಾಗದ ಹೊರತು ರ‍್ಯಾಂಪ್ ಎಂಬುದು ಗುತ್ತಿಗೆದಾರನ ಮರ್ಜಿಗೆ ಬಿಟ್ಟ ಇಳಿಜಾರಾಗಿಯೇ ಉಳಿಯುತ್ತದೆ. ಕೈಯಲ್ಲಿ ತಳ್ಳುವ ಗಾಲಿಕುರ್ಚಿಗೆ ಆ ಕಡಿದಾದ ರ‍್ಯಾಂಪ್‌ಗೂ ಮೆಟ್ಟಿಲಿಗೂ ವ್ಯತ್ಯಾಸವಿಲ್ಲ.

ನೌಕರಿಯ ವಿಷಯ ಸಂಕ್ಷೇಪವಾಗಿ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4 ಮೀಸಲು. ಸೇವೆಯಲ್ಲಿದ್ದಾಗ ಅಪಘಾತವೋ ಕಾಯಿಲೆಯೋ ಬಂದು ವೈಕಲ್ಯ ಉಂಟಾದರೆ ಸರ್ಕಾರಿ ಸಂಸ್ಥೆ ಆ ನೌಕರನನ್ನು ತೆಗೆಯುವಂತಿಲ್ಲ, ಕೆಳಗಿನ ಹುದ್ದೆಗೆ ತಳ್ಳುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಬೇಸರದಿಂದ ರಾಜೀನಾಮೆ ಬರೆದುಕೊಡುವ ಮುನ್ನ ಸೆಕ್ಷನ್ 20 ಓದಿಸಿಕೊಳ್ಳಿ. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಲೇಬೇಕು. ಇನ್ನು ಕಾನೂನು ಓದುತ್ತಿರುವ ದೃಷ್ಟಿವಿಕಲ ಯುವಜನರಿಗೆ 2025ರ ಮಾರ್ಚ್ 3 ನೆನಪಿಡಬೇಕಾದ ದಿನ. ದೃಷ್ಟಿಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ನ್ಯಾಯಾಧೀಶರ ಹುದ್ದೆಯ ಆಯ್ಕೆಯಿಂದ ಹೊರಗಿಡುವಂತಿಲ್ಲ ಎಂದು ಅಂದು ಸುಪ್ರೀಂ ಕೋರ್ಟ್ ಮಧ್ಯಪ್ರದೇಶದ ನಿಯಮವನ್ನು ರದ್ದುಮಾಡಿತು. ಅದೇ ವರ್ಷದ ಏಪ್ರಿಲ್ 30ರಂದು, ಕಣ್ಣು ಮಿಟುಕಿಸಿ ತೋರಿಸಲಾಗದವರಿಗೂ ಬ್ಯಾಂಕುಗಳ ಡಿಜಿಟಲ್ ಕೆವೈಸಿ ಸಾಧ್ಯವಾಗಬೇಕು, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಬದುಕುವ ಹಕ್ಕಿನ ಭಾಗ ಎಂದಿತು.

ಅರ್ಜಿಗೆ ಉತ್ತರ ಬಾರದಿದ್ದರೆ? ಇಲ್ಲಿ ಜ್ಞಾನಭಾರತಿಯವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಬೆಂಗಳೂರು ವಿಶ್ವವಿದ್ಯಾಲಯ ರಾಜ್ಯದ್ದು. ಕಾನೂನು ಶಾಲೆಯ ಹೆಸರಲ್ಲಿ ‘ರಾಷ್ಟ್ರೀಯ’ ಎಂದಿದ್ದರೂ ಅದು ಹುಟ್ಟಿದ್ದು ಕರ್ನಾಟಕ ವಿಧಾನಮಂಡಲದ 1986ರ ಕಾಯ್ದೆಯಿಂದ. ಇಂಥ ಸಂಸ್ಥೆಗಳ ಮೇಲಿನ ದೂರು ಹೋಗಬೇಕಾದದ್ದು ಬೆಂಗಳೂರಿನಲ್ಲೇ ಇರುವ ರಾಜ್ಯ ಆಯುಕ್ತರಿಗೆ. ಕ್ರೀಡಾ ಪ್ರಾಧಿಕಾರ, ನ್ಯಾಕ್, ರಾಷ್ಟ್ರೀಕೃತ ಬ್ಯಾಂಕು, ರೈಲ್ವೆ ಇವೆಲ್ಲ ಕೇಂದ್ರದ ವ್ಯಾಪ್ತಿಯವು, ದೂರು ದೆಹಲಿಯ ಮುಖ್ಯ ಆಯುಕ್ತರಿಗೆ. ಒಂದೇ ರಸ್ತೆಯ ಎರಡು ಗೇಟುಗಳಿಗೆ ಎರಡು ಬೇರೆ ಬಾಗಿಲು. ತಪ್ಪು ಕಡೆ ಕೊಟ್ಟರೆ ತಿಂಗಳುಗಳು ವ್ಯರ್ಥವಾಗುತ್ತವೆ. ಸರ್ಕಾರಿ ಸಂಸ್ಥೆಯ ನೌಕರರಾದರೆ ಮೊದಲು ಅಲ್ಲಿನ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬಹುದು, ಅವರು ಎರಡು ವಾರದೊಳಗೆ ವಿಚಾರಿಸಬೇಕು. ಸಮಾಧಾನವಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ ಇದೆ.

ಆಯುಕ್ತರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಚಾರದಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಕೊನೆಗೆ ಅವರು ಕೊಡುವುದು ಶಿಫಾರಸು. ಸಂಸ್ಥೆ ಮೂರು ತಿಂಗಳೊಳಗೆ ಅದನ್ನು ಪಾಲಿಸಿ ತಿಳಿಸಬೇಕು, ಇಲ್ಲವೇ ಒಪ್ಪದಿರಲು ಕಾರಣ ಕೊಡಬೇಕು. ಈ ಅಧಿಕಾರ ಸಾಲದು, ಆದೇಶವೇ ಆಗಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. ಹಾಗಿದ್ದರೂ ಆಯುಕ್ತರ ಶಿಫಾರಸು ಕೈಯಲ್ಲಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿಯ ಬಲವೇ ಬೇರೆ. ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರಡಿ ಅಂಗವಿಕಲರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಸಹಾಯವಾಣಿ 15100.

ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸುವುದು, ಬೆದರಿಸುವುದು, ಹಲ್ಲೆ ಮಾಡುವುದು, ಊರುಗೋಲನ್ನೋ ಶ್ರವಣಸಾಧನವನ್ನೋ ಬೇಕೆಂದೇ ಹಾಳುಮಾಡುವುದು ಸೆಕ್ಷನ್ 92ರ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಇದಕ್ಕೆ ಆಯುಕ್ತರ ದಾರಿ ಕಾಯಬೇಕಿಲ್ಲ, ಜ್ಞಾನಭಾರತಿ ಪೊಲೀಸ್ ಠಾಣೆಗೇ ಹೋಗಬಹುದು. ದೌರ್ಜನ್ಯದ ದೂರು ಬಂದಾಗ ಪೊಲೀಸರು ರಕ್ಷಣೆ ಕೋರುವ ಹಕ್ಕು, ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರ ವಿವರ, ಉಚಿತ ಕಾನೂನು ನೆರವು ಇವಿಷ್ಟನ್ನೂ ದೂರುದಾರರಿಗೆ ತಿಳಿಸಬೇಕೆಂದು ಸೆಕ್ಷನ್ 7 ಹೇಳುತ್ತದೆ. ಅವರಾಗಿ ಹೇಳದಿದ್ದರೆ ನೀವೇ ಕೇಳಿ. ದೂರಿನಲ್ಲಿ ಸೆಕ್ಷನ್ 92 ಎಂದು ಸ್ಪಷ್ಟವಾಗಿ ಬರೆಯಿರಿ, ಎಫ್‌ಐಆರ್ ಆದರೆ ಅದರ ಉಚಿತ ಪ್ರತಿಯನ್ನು ಪಡೆದೇ ಠಾಣೆಯಿಂದ ಹೊರಡಿ.