ದೀಕ್ಷಾಸ್ನಾನ ಪಡೆಯದ ನಮ್ಮ ಗೆಳತಿಗೆ ರಕ್ಷಣೆ ಇದೆಯೇ?

(ಸ್ವ-ಸಹಾಯ ಸಂಘಗಳ ಮಾಸಿಕ ಸಭೆಗೆ ಪಾಠ. ಒಬ್ಬರು ನಿಧಾನವಾಗಿ ಓದಿರಿ, ಉಳಿದವರು ಕೇಳಿರಿ. ಕೊನೆಯಲ್ಲಿರುವ ಪ್ರಶ್ನೆಗಳನ್ನು ಒಟ್ಟಾಗಿ ಚರ್ಚಿಸಿರಿ.)



ಉಳಿತಾಯ, ಆಂತರಿಕ ಸಾಲ, ಬಡ್ಡಿ, ಬ್ಯಾಂಕ್ ಲಿಂಕೇಜ್ ಇವುಗಳ ಬಗ್ಗೆ ನಾವು ಎಷ್ಟೋ ಪಾಠ ಮಾಡಿದ್ದೇವೆ. ಈ ತಿಂಗಳ ಪಾಠ ಸ್ವಲ್ಪ ಬೇರೆ. ಇದು ಒಬ್ಬ ಸದಸ್ಯೆ ಕೇಳಿದ ಪ್ರಶ್ನೆಯಿಂದ ಹುಟ್ಟಿದ ಪಾಠ.

ಬಿ.ಸಿ.ರೋಡ್ ಹತ್ತಿರದ ಒಂದು ಸಂಘ. ಹದಿನೈದು ಮಂದಿ ಸದಸ್ಯೆಯರು. ಅವರಲ್ಲಿ ಕ್ರೈಸ್ತರಿದ್ದಾರೆ, ಹಿಂದೂಗಳಿದ್ದಾರೆ, ಇಬ್ಬರು ಬ್ಯಾರಿ ಸಹೋದರಿಯರೂ ಇದ್ದಾರೆ. ಹೆಚ್ಚಿನವರು ಬೀಡಿ ಕಟ್ಟಿ ಸಂಸಾರ ತೂಗಿಸುವವರು. ಆ ಸಂಘದ ಒಬ್ಬ ಹಿಂದೂ ಸದಸ್ಯೆ ಕಾಯಿಲೆಯಿಂದ ತೀರಿಹೋದರು. ಪಕ್ಕದ ಮನೆಯ ಕ್ರೈಸ್ತ ಸದಸ್ಯೆಗೆ ಅವರು ಒಡಹುಟ್ಟಿದ ಅಕ್ಕನ ಹಾಗೆ ಇದ್ದರು. ಇವರ ಹೆರಿಗೆಯ ರಾತ್ರಿ ರಿಕ್ಷಾ ಹುಡುಕಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಆ ಅಕ್ಕ. ಗಂಡ ಕುಡಿದು ಗಲಾಟೆ ಮಾಡಿದ ದಿನಗಳಲ್ಲಿ ಮಕ್ಕಳಿಗೆ ಗಂಜಿ ಕೊಟ್ಟು ತನ್ನ ಮನೆಯಲ್ಲೇ ಮಲಗಿಸಿದವರೂ ಆ ಅಕ್ಕನೇ.

ಅವರ ಬೊಜ್ಜ ಕಳೆದ ನಂತರದ ಸಭೆಯಲ್ಲಿ, ಪಾಸ್ ಬುಕ್‌ಗಳನ್ನು ಬರೆಯುತ್ತಿರುವಾಗ, ಈ ಸದಸ್ಯೆ ಕೇಳಿಯೇ ಬಿಟ್ಟರು: "ಸಿಸ್ಟರ್, ನಾನು ಹೋದ ಒಂದು ಪ್ರಾರ್ಥನಾ ಕೂಟದಲ್ಲಿ ದೀಕ್ಷಾಸ್ನಾನ ಆಗದವರೆಲ್ಲ ನರಕಕ್ಕೆ ಹೋಗ್ತಾರೆ ಅಂತ ಹೇಳಿದ್ರು. ಹಾಗಾದ್ರೆ ನಮ್ಮ ಅಕ್ಕ ಈಗ ಎಲ್ಲಿದ್ದಾರೆ?"

ಯಾರೂ ಮಾತಾಡಲಿಲ್ಲ. ಹಿಂದೂ ಸಹೋದರಿಯರು ತಲೆ ತಗ್ಗಿಸಿ ಕೂತರು. ನಾವು "ಅದು ದೇವರಿಗೆ ಗೊತ್ತು, ಈಗ ಪುಸ್ತಕ ಬರೆದು ಮುಗಿಸುವ" ಎಂದು ಮಾತು ತೇಲಿಸಿದೆವು. ಮನೆಗೆ ಬರುವ ದಾರಿಯಲ್ಲಿ ನಮಗೇ ನಾಚಿಕೆಯಾಯಿತು. ಅತ್ತು ಕೇಳಿದವಳಿಗೆ ನಾವು ಉತ್ತರ ಕೊಡಲಿಲ್ಲ. ಕೇಳುತ್ತಾ ಕೂತ ಬೇರೆ ಧರ್ಮದವರಿಗೆ ನಮ್ಮ ಮೌನವೇ ಉತ್ತರ ಆಗಿಬಿಟ್ಟಿತು. ಆದುದರಿಂದ ಈ ಪಾಠ.

ಇದು ಹಳೆಯ ಪ್ರಶ್ನೆ

ನಮ್ಮ ಮನೆಗಳಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಚಿತ್ರ ಇರುತ್ತದೆ. ಅವರು 1549ರಲ್ಲಿ ಜಪಾನಿಗೆ ಹೋದರು. ಅಲ್ಲಿ ಹೊಸದಾಗಿ ಕ್ರೈಸ್ತರಾದ ಜನ ಅವರನ್ನು ಇದನ್ನೇ ಕೇಳಿದರು: ಸತ್ತುಹೋದ ನಮ್ಮ ತಂದೆ ತಾಯಿ, ಹೆಂಡತಿ ಮಕ್ಕಳಿಗೆ ಬಿಡುಗಡೆ ಇಲ್ಲವೇ? ಪ್ರಾರ್ಥನೆ, ದಾನ ಮಾಡಿದರೂ ಇಲ್ಲವೇ? ಆ ಕಾಲದಲ್ಲಿ ಕಲಿತಿದ್ದ ಪ್ರಕಾರ ಸಂತರು ಇಲ್ಲ ಎಂದರು. ಜನ ಅತ್ತರು. ಅವರ ಕಣ್ಣೀರು ನೋಡಿ ತನಗೂ ತುಂಬಾ ದುಃಖವಾಯಿತೆಂದು ಸಂತರು 1552ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ತಿಳಿಸಿದ್ದಾರೆ.

ಅಷ್ಟು ದೊಡ್ಡ ಸಂತರೇ ಹಾಗೆ ಹೇಳಿದರಲ್ಲ ಎಂದು ನೀವು ಕೇಳಬಹುದು. ಸಂತರ ಪ್ರೀತಿ ದೊಡ್ಡದು, ಆದರೆ ಅವರಿಗೆ ಕಲಿಸಿದ ಪಾಠ ಪೂರ್ತಿಯಾಗಿರಲಿಲ್ಲ. ಧರ್ಮಸಭೆಯೂ ಪ್ರಾರ್ಥಿಸುತ್ತಾ, ಯೋಚಿಸುತ್ತಾ ಕಲಿಯುತ್ತದೆ. ಇಂದು ಅದೇ ಪ್ರಶ್ನೆಗೆ ಧರ್ಮಸಭೆ ಕೊಡುವ ಉತ್ತರ ಬೇರೆ.

ಯೇಸುಸ್ವಾಮಿ ಏನು ಮಾಡಿದರು?

ಮೊದಲು ಶುಭಸಂದೇಶವನ್ನು ನೋಡುವ. ರೋಮ್ ಸೈನ್ಯದ ಶತಾಧಿಪತಿಯೊಬ್ಬ ತನ್ನ ಸೇವಕನನ್ನು ಗುಣಪಡಿಸಲು ಕೇಳಿಕೊಂಡ. ಅವನು ಯೆಹೂದ್ಯನಲ್ಲ. ಇಂತಹ ನಂಬಿಕೆಯನ್ನು ತನ್ನ ಜನರಲ್ಲೇ ಕಂಡಿಲ್ಲ ಎಂದು ಯೇಸುಸ್ವಾಮಿ ಆಶ್ಚರ್ಯಪಟ್ಟರು (ಮತ್ತಾಯ 8). ಕಾನಾನ್ ನಾಡಿನ ತಾಯಿ ಮಗಳಿಗಾಗಿ ಬೆನ್ನುಬಿದ್ದು ಬೇಡಿದಳು, ಅವಳ ನಂಬಿಕೆಯನ್ನೂ ಹೊಗಳಿದರು (ಮತ್ತಾಯ 15). ನೆರೆಯವನು ಯಾರು ಎಂಬ ಪ್ರಶ್ನೆಗೆ ಕಥೆ ಹೇಳುವಾಗ, ತನ್ನ ಜನ ದೂರ ಇಟ್ಟಿದ್ದ ಸಮಾರ್ಯದವನನ್ನೇ ಒಳ್ಳೆಯವನನ್ನಾಗಿ ಮಾಡಿದರು (ಲೂಕ 10).

ಅಂತಿಮ ತೀರ್ಪಿನ ಕಥೆಯನ್ನು ನೆನಪಿಸಿಕೊಳ್ಳಿ (ಮತ್ತಾಯ 25). ಅರಸನು ಅಲ್ಲಿ ಯಾರ ಹತ್ತಿರವೂ ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೇಳುವುದಿಲ್ಲ. ಹಸಿದವರಿಗೆ ಊಟ ಕೊಟ್ಟಿರಾ, ಪರದೇಶಿಗೆ ಜಾಗ ಕೊಟ್ಟಿರಾ, ರೋಗಿಯನ್ನು ನೋಡಲು ಹೋದಿರಾ ಎಂದು ಕೇಳುತ್ತಾನೆ. ಮಾಡಿದವರಿಗೆ ತಾವು ಯಾರಿಗೆ ಮಾಡಿದ್ದು ಎಂದೇ ಗೊತ್ತಿರಲಿಲ್ಲ. ಪಕ್ಕದ ಮನೆಯ ಮಕ್ಕಳಿಗೆ ಗಂಜಿ ಕೊಟ್ಟು ಮಲಗಿಸಿದ ಆ ಅಕ್ಕನನ್ನು ಈ ಕಥೆಯಲ್ಲಿ ಯಾವ ಕಡೆ ನಿಲ್ಲಿಸುತ್ತೀರಿ?

ಆದರೆ ಶುಭಸಂದೇಶದ ಇನ್ನೊಂದು ಮಾತನ್ನು ಮುಚ್ಚಿಡಬಾರದು. ತಾನೇ ಮಾರ್ಗ, ತನ್ನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬರುವುದಿಲ್ಲ ಎಂದು ಯೇಸುಸ್ವಾಮಿ ಹೇಳಿದ್ದಾರೆ (ಯೊವಾನ್ನ 14). ಎಲ್ಲರೂ ರಕ್ಷಣೆ ಹೊಂದಬೇಕೆಂಬುದೇ ದೇವರ ಇಚ್ಛೆ ಎಂದು ಸಂತ ಪೌಲರ ಪತ್ರ ಹೇಳುತ್ತದೆ (1 ತಿಮೊಥೇಯ 2). ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ಹೇಗೆ?

ಧರ್ಮಸಭೆ ಏನು ಕಲಿಸುತ್ತದೆ?

ಧರ್ಮಸಭೆಯ ಹೊರಗೆ ರಕ್ಷಣೆ ಇಲ್ಲ ಎಂಬ ಮಾತನ್ನು ಕೆಲವರು ಈಗಲೂ ಹೇಳುತ್ತಾರೆ. ಇದು ಮೂರನೆಯ ಶತಮಾನದಲ್ಲಿ ಉತ್ತರ ಆಫ್ರಿಕದ ಧರ್ಮಾಧ್ಯಕ್ಷ ಸಂತ ಸಿಪ್ರಿಯನ್ ಅವರ ಕಾಲದ ಮಾತು. ಅವರು ಹೇಳಿದ್ದು ಜಗಳ ಮಾಡಿ ಧರ್ಮಸಭೆಯನ್ನು ಒಡೆದು ಹೋಗುತ್ತಿದ್ದ ಕ್ರೈಸ್ತರಿಗೆ. ಹಿಂದೂಗಳ ವಿಚಾರ ಅವರ ಮನಸ್ಸಿನಲ್ಲಿರಲಿಲ್ಲ, ಇಸ್ಲಾಂ ಧರ್ಮ ಆಗ ಹುಟ್ಟಿಯೂ ಇರಲಿಲ್ಲ. ಮುಂದಿನ ಶತಮಾನಗಳಲ್ಲಿ ಈ ಮಾತನ್ನು ಎಲ್ಲರ ಮೇಲೂ ಹೊರಿಸಿದರು.

ಅಮೆರಿಕದ ಬೋಸ್ಟನ್ ನಗರದಲ್ಲಿ ಫೀನಿ ಎಂಬ ಗುರುಗಳು, ಕಥೋಲಿಕರಲ್ಲದ ಯಾರಿಗೂ ರಕ್ಷಣೆ ಇಲ್ಲವೆಂದು ಹಠ ಹಿಡಿದರು. 1949ರಲ್ಲಿ ರೋಮ್‌ನಿಂದ ಪತ್ರ ಬಂತು: ಹಾಗೆ ಕಲಿಸಬಾರದು. ಅವರು ವಿಧೇಯರಾಗದ ಕಾರಣ 1953ರಲ್ಲಿ ಅವರನ್ನೇ ಬಹಿಷ್ಕರಿಸಲಾಯಿತು. 1972ರಲ್ಲಿ ಮತ್ತೆ ಸೇರಿಸಿಕೊಂಡರು. ಬೇರೆಯವರೆಲ್ಲ ಹೊರಗೆ ಎಂದವರೇ ಸ್ವಲ್ಪ ಕಾಲ ಹೊರಗೆ ನಿಲ್ಲಬೇಕಾಯಿತು!

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರ ನವೆಂಬರ್ 21ರಂದು ಇದನ್ನು ಸ್ಪಷ್ಟಪಡಿಸಿತು. ಅದರ ಸಾರ ಹೀಗಿದೆ: ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನು ಅರಿಯದವರು, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕುತ್ತಾ, ಮನಸ್ಸಾಕ್ಷಿಯಲ್ಲಿ ತಿಳಿದ ದೇವರ ಇಚ್ಛೆಯಂತೆ ಕೃಪೆಯ ಬಲದಿಂದ ಬಾಳಿದರೆ, ಅವರಿಗೂ ನಿತ್ಯ ರಕ್ಷಣೆ ದೊರೆಯಬಹುದು. 1965ರ ಅಕ್ಟೋಬರ್ 28ರಂದು ಹೊರಡಿಸಿದ ಇನ್ನೊಂದು ಪ್ರಕಟಣೆಯಲ್ಲಿ ಹಿಂದೂ, ಬೌದ್ಧ, ಇಸ್ಲಾಂ, ಯೆಹೂದ್ಯ ಧರ್ಮಗಳನ್ನು ಹೆಸರಿಸಿ, ಅವುಗಳಲ್ಲಿರುವ ಸತ್ಯವಾದದ್ದು, ಪವಿತ್ರವಾದದ್ದು ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದಿತು.

ಆ ರಕ್ಷಣೆ ಎಲ್ಲಿಂದ ಬರುತ್ತದೆ? ಕ್ರೈಸ್ತರಾದ ನಮ್ಮ ನಂಬಿಕೆಯಂತೆ ಅದು ಯೇಸುಸ್ವಾಮಿಯ ಮರಣ-ಪುನರುತ್ಥಾನದಿಂದಲೇ ಬರುತ್ತದೆ. ಆದರೆ ಪವಿತ್ರಾತ್ಮರು ಅದನ್ನು ದೇವರಿಗೆ ಮಾತ್ರ ತಿಳಿದ ರೀತಿಯಲ್ಲಿ ಎಲ್ಲರಿಗೂ ಮುಟ್ಟಿಸುತ್ತಾರೆ. ಮಳೆ ಒಂದೇ ಆಕಾಶದಿಂದ ಬರುತ್ತದೆ, ಬೇಲಿ ನೋಡಿ ಬೀಳುವುದಿಲ್ಲ, ಅಲ್ಲವೇ?

ಪೋಪ್ ಎರಡನೇ ಜಾನ್ ಪಾಲ್ 1986ರ ಫೆಬ್ರವರಿ 6ರಂದು ಮಂಗಳೂರಿಗೆ ಬಂದದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. ಅದೇ ವರ್ಷ ಅಕ್ಟೋಬರ್ 27ರಂದು ಅವರು ಇಟಲಿಯ ಅಸಿಸ್ಸಿ ನಗರಕ್ಕೆ ಎಲ್ಲ ಧರ್ಮಗಳ ಮುಖಂಡರನ್ನು ಕರೆದು, ಲೋಕದ ಶಾಂತಿಗಾಗಿ ಅವರವರ ರೀತಿಯಲ್ಲಿ ಪ್ರಾರ್ಥಿಸಲು ಕೇಳಿಕೊಂಡರು.

ಎಲ್ಲ ಧರ್ಮವೂ ಒಂದೇ ಎಂದರಾಯಿತೇ?

ಜಗಳ ಬೇಡವೆಂದು ನಾವು ಬೇಗ ಹೇಳುವ ಮಾತು ಇದು. ಒಳ್ಳೆಯ ಮನಸ್ಸಿನ ಮಾತೇ. ಆದರೆ ಪೂರ್ತಿ ಸರಿಯಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋಗುವ ಜೈನ ಸಹೋದರಿಗೆ ಮೋಕ್ಷವೆಂದರೆ ಆತ್ಮವು ಕರ್ಮದಿಂದ ಕಳಚಿಕೊಳ್ಳುವುದು, ಅದಕ್ಕೆ ಅವಳದೇ ಸಾಧನೆ ಬೇಕು. ಪೊಳಲಿ ಅಮ್ಮನವರಿಗೆ ಕೈಮುಗಿಯುವ ಹಿಂದೂ ಸಹೋದರಿಗೆ ಮೋಕ್ಷವೆಂದರೆ ಹುಟ್ಟು-ಸಾವಿನ ಸುತ್ತಿನಿಂದ ಬಿಡುಗಡೆ. ಮುಸ್ಲಿಂ ಸಹೋದರಿ ಕೊನೆಯ ದಿನದ ಲೆಕ್ಕವನ್ನೂ ಅಲ್ಲಾಹನ ಕರುಣೆಯನ್ನೂ ನಂಬುತ್ತಾಳೆ. ನಮಗೆ ರಕ್ಷಣೆಯೆಂದರೆ ಪಾಪದಿಂದ ಬಿಡುಗಡೆ ಹೊಂದಿ ದೇವರ ಮಕ್ಕಳಾಗಿ ಅವರೊಂದಿಗೆ ಸದಾ ಬಾಳುವುದು. ಎಲ್ಲ ಒಂದೇ ಎಂದರೆ ಯಾರ ಮಾತನ್ನೂ ನಾವು ಸರಿಯಾಗಿ ಕೇಳಿಸಿಕೊಂಡಂತಾಗುವುದಿಲ್ಲ. ರೋಮ್ 2000ನೇ ಇಸವಿಯಲ್ಲಿ ಹೊರಡಿಸಿದ ಪತ್ರವೂ ಈ ಎಚ್ಚರಿಕೆ ಕೊಟ್ಟಿತು: ಯೇಸುಸ್ವಾಮಿಯನ್ನು ಹಲವರಲ್ಲಿ ಒಬ್ಬರನ್ನಾಗಿ ಮಾಡಬೇಡಿ.

ನಮ್ಮ ನೆರೆಯ ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಡಾ. ಸ್ಟ್ಯಾನ್ಲಿ ಸಮರ್ಥರ ಹೆಸರು ನಿಮಗೆ ತಿಳಿದಿರಲಿ. ಅವರು ಪ್ರೊಟೆಸ್ಟೆಂಟ್ ಸಭಾಪಾಲಕರು, ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಜಿನೀವಾದ ಚರ್ಚುಗಳ ವಿಶ್ವ ಮಂಡಳಿಯು 1971ರಲ್ಲಿ ಅನ್ಯಧರ್ಮದವರೊಂದಿಗೆ ಸಂವಾದಕ್ಕಾಗಿ ವಿಭಾಗ ತೆರೆದಾಗ ಅವರೇ ಮೊದಲ ನಿರ್ದೇಶಕರಾದರು. ತನ್ನ ಕ್ರಿಸ್ತರನ್ನು ಬಿಡದೆ, ಇನ್ನೊಬ್ಬರ ನಂಬಿಕೆಯನ್ನು ಕೀಳು ಮಾಡದೆ ಮಾತಾಡಲು ಸಾಧ್ಯವೆಂದು ಅವರು 2001ರಲ್ಲಿ ತೀರಿಕೊಳ್ಳುವವರೆಗೂ ಬರೆದರು, ಕಲಿಸಿದರು. ಅವರ ಎಲ್ಲ ಅಭಿಪ್ರಾಯಗಳನ್ನು ಕಥೋಲಿಕ ಧರ್ಮಸಭೆ ಒಪ್ಪುವುದಿಲ್ಲ. ಆದರೆ ಎಲ್ಲ ಧರ್ಮದವರ ನಡುವೆ ಬೆಳೆಯುವ ನಮ್ಮ ಊರಿನವರು ಲೋಕಕ್ಕೆ ಕಲಿಸಬಹುದಾದ ಪಾಠ ಇದು.

ಹಾಗಾದ್ರೆ ನಾವು ಭಾನುವಾರ ಪೂಜೆಗೆ ಯಾಕೆ ಹೋಗ್ಬೇಕು?

ಹೀಗೆ ಕೇಳಿದವರೂ ಇದ್ದಾರೆ. 1964ರ ಅದೇ ದಾಖಲೆಯಲ್ಲಿ ನಾವು ಕಡಿಮೆ ಓದುವ ಒಂದು ಎಚ್ಚರಿಕೆ ಇದೆ: ಧರ್ಮಸಭೆಯೊಳಗೆ ದೇಹ ಮಾತ್ರ ಇಟ್ಟು, ಪ್ರೀತಿಯಲ್ಲಿ ನೆಲೆಸದ ಕಥೋಲಿಕನಿಗೆ ರಕ್ಷಣೆ ಇಲ್ಲ. ಹೆಚ್ಚು ಪಡೆದವನಿಂದ ಹೆಚ್ಚು ಲೆಕ್ಕ ಕೇಳಲಾಗುತ್ತದೆ. ಸಂಘಕ್ಕೆ ಸೇರಿ ಪಾಸ್ ಬುಕ್ ತೆಗೆದುಕೊಂಡು, ಆಮೇಲೆ ಸಭೆಗೂ ಬಾರದೆ ಉಳಿತಾಯವನ್ನೂ ಕಟ್ಟದೆ ಇದ್ದರೆ ಸದಸ್ಯೆ ಅನ್ನಬಹುದೇ? ಈ ಹೋಲಿಕೆ ಪೂರ್ತಿ ಸರಿಯಲ್ಲ, ಯಾಕೆಂದರೆ ದೇವರ ಕೃಪೆ ನಾವು ಕಟ್ಟಿ ಪಡೆಯುವ ಹಣವಲ್ಲ, ಅದು ದಾನ. ಪೂಜೆಗೆ ಹೋಗುವುದು ಆ ದಾನಕ್ಕೆ ಕೃತಜ್ಞತೆ ಹೇಳಲು, ಅದರ ಪ್ರಕಾರ ಬಾಳಲು ಶಕ್ತಿ ಪಡೆಯಲು. ಪಕ್ಕದವಳಿಗೆ ಸಿಗುವುದಿಲ್ಲ ಎಂಬ ಖುಷಿಗೆ ಅಲ್ಲ.

ನಮ್ಮ ಊರಿಗೆ ಇದು ಯಾಕೆ ಬೇಕು?

2017ರ ಮೇ ತಿಂಗಳಿಂದ ಹಲವು ವಾರ ಬಂಟ್ವಾಳ ತಾಲೂಕಿನಲ್ಲಿ 144ನೇ ಸೆಕ್ಷನ್ ಜಾರಿಯಲ್ಲಿತ್ತು. ಜುಲೈ ತಿಂಗಳಲ್ಲಿ ಬಿ.ಸಿ.ರೋಡ್‌ನಲ್ಲೇ ಗಲಭೆಯಾಯಿತು. ಅಂತಹ ದಿನಗಳಲ್ಲಿ ಕೂಲಿ ನಿಲ್ಲುತ್ತದೆ, ಸಂಘದ ಕಂತು ಬಾಕಿಯಾಗುತ್ತದೆ, ಮಕ್ಕಳು ಶಾಲೆಯಿಂದ ಬರುವವರೆಗೆ ತಾಯಂದಿರ ಎದೆ ಹೊಡೆದುಕೊಳ್ಳುತ್ತದೆ. ಬೇರೆ ಧರ್ಮದವರು ದೇವರಿಗೇ ಬೇಡವಾದವರು ಎಂದು ಮನೆಯಲ್ಲಿ ಕಲಿತ ಮಗು, ನಾಳೆ ಅವರು ತನಗೂ ಬೇಡ ಎಂದು ಹೇಳಲು ಕಷ್ಟವಿಲ್ಲ. ಈ ಮಾತು ಎಲ್ಲ ಧರ್ಮದ ಮನೆಗಳಿಗೂ ಅನ್ವಯಿಸುತ್ತದೆ.

ಸಂಘದಲ್ಲಿ ನಾವು ಪಾಲಿಸೋಣ:

1. ಸತ್ತವರು ನರಕಕ್ಕೆ ಹೋದರೆಂದು ಯಾರ ಬಗ್ಗೆಯೂ ಹೇಳಬಾರದು. ಧರ್ಮಸಭೆ ಅನೇಕರನ್ನು ಸಂತರೆಂದು ಘೋಷಿಸಿದೆ, ಆದರೆ ಇಂಥವರು ನರಕದಲ್ಲಿದ್ದಾರೆಂದು ಹೆಸರು ಹಿಡಿದು ಇಂದಿನವರೆಗೆ ಘೋಷಿಸಿಲ್ಲ.

2. ಸಭೆಯ ಆರಂಭದ ಪ್ರಾರ್ಥನೆಯನ್ನು ಸರದಿಯಂತೆ ಎಲ್ಲರೂ ನಡೆಸಲಿ. ಇಲ್ಲವಾದರೆ ಎರಡು ನಿಮಿಷ ಮೌನ ಇರಲಿ.

3. ಸದಸ್ಯೆಯ ಮನೆಯಲ್ಲಿ ಸಾವಾದರೆ ಯಾವ ಧರ್ಮವೆಂದು ನೋಡದೆ ಸಂಘದವರೆಲ್ಲ ಹೋಗಬೇಕು. ಹಬ್ಬದ ತಿಂಡಿ, ಪ್ರಸಾದ ಕೊಟ್ಟರೆ ತಿನ್ನುವುದು ಬಿಡುವುದು ಅವರವರ ಮನಸ್ಸಾಕ್ಷಿಗೆ ಸೇರಿದ್ದು, ಆದರೆ ಮುಖ ತಿರುಗಿಸಬಾರದು.

4. ಯೇಸುಸ್ವಾಮಿಯ ಬಗ್ಗೆ ಯಾರಾದರೂ ಕೇಳಿದರೆ ನಾಚದೆ ಹೇಳಿ. ಸಾಲ, ಸಹಾಯದ ಜೊತೆಗೆ ಧರ್ಮವನ್ನು ಎಂದೂ ಸೇರಿಸಬೇಡಿ. ನಂಬಿಕೆಯ ವಿಷಯದಲ್ಲಿ ಯಾರನ್ನೂ ಒತ್ತಾಯಿಸಬಾರದೆಂದು 1965ರಲ್ಲಿ ವ್ಯಾಟಿಕನ್ ಮಹಾಸಭೆಯೂ ಹೇಳಿದೆ.

ಮುಂದಿನ ತಿಂಗಳು ನಾವು ಅದೇ ಸಂಘಕ್ಕೆ ಹೋಗಿ, ಆ ದಿನ ಉತ್ತರ ಕೊಡದೆ ಇದ್ದದ್ದಕ್ಕೆ ಎಲ್ಲರೆದುರು ಕ್ಷಮೆ ಕೇಳಿ ಇಷ್ಟನ್ನು ಹೇಳಿದೆವು. ಅಕ್ಕ ಸ್ವರ್ಗದಲ್ಲಿದ್ದಾರೆಂದು ಬರೆದುಕೊಡಲು ನಮಗೆ ಅಧಿಕಾರವಿಲ್ಲ, ನಮ್ಮ ಬಗ್ಗೆಯೂ ಹಾಗೆ ಬರೆದುಕೊಳ್ಳಲು ಅಧಿಕಾರವಿಲ್ಲ, ಆದರೆ ಭರವಸೆ ಇಡಲು ಧರ್ಮಸಭೆ ಕಾರಣ ಕೊಟ್ಟಿದೆ ಎಂದೆವು. ಆಗ ಒಬ್ಬ ಬ್ಯಾರಿ ಸಹೋದರಿ, "ನಾವೂ ಅವರಿಗಾಗಿ ದುವಾ ಮಾಡಿದ್ದೇವೆ ಸಿಸ್ಟರ್" ಎಂದರು. ಪ್ರಶ್ನೆ ಕೇಳಿದ್ದ ಸದಸ್ಯೆ, "ನವೆಂಬರ್ 2ಕ್ಕೆ ನಮ್ಮ ಅಮ್ಮನ ಸಮಾಧಿಯಲ್ಲಿ ಮೊಂಬತ್ತಿ ಇಡುವಾಗ ಅಕ್ಕನ ಹೆಸರಲ್ಲೂ ಒಂದು ಇಡಬಹುದಾ?" ಎಂದು ಕೇಳಿದರು. ಖಂಡಿತ ಇಡಿ ಎಂದೆವು.

ಚರ್ಚೆಗೆ ಪ್ರಶ್ನೆಗಳು

1. ಬೇರೆ ಧರ್ಮದ ಯಾರಿಂದ ನೀವು ದೇವರ ಪ್ರೀತಿಯನ್ನು ಅನುಭವಿಸಿದ್ದೀರಿ? ಒಂದು ಘಟನೆ ಹೇಳಿ.

2. ಸಾವಿನ ನಂತರದ ಬದುಕಿನ ಬಗ್ಗೆ ನಿಮ್ಮ ಧರ್ಮ ಏನು ಕಲಿಸುತ್ತದೆ? ಪ್ರತಿಯೊಬ್ಬರೂ ಹೇಳಿ, ಉಳಿದವರು ಮಧ್ಯೆ ಬಾಯಿ ಹಾಕದೆ ಕೇಳಿ.

3. ನಮ್ಮ ಮಕ್ಕಳು ಬೇರೆ ಧರ್ಮದವರ ಬಗ್ಗೆ ಮನೆಯಲ್ಲಿ ಯಾವ ಮಾತು ಕೇಳುತ್ತಿದ್ದಾರೆ?

4. ಮೇಲಿನ ನಾಲ್ಕು ಅಂಶಗಳಲ್ಲಿ ನಿಮ್ಮ ಸಂಘ ಯಾವುದನ್ನು ಒಪ್ಪುತ್ತದೆ? ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿರಿ.